ಮುಂದಿನ ಬ್ರೇಕಿನ ಭಯ

(ಸಂಘದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದಾಗ ಸಭಿಕರು ಸಾಮಾನ್ಯವಾಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು ಇವುಗಳಲ್ಲಿ ಒಂದನ್ನು ನಿರೀಕ್ಷಿಸುತ್ತಾರೆ. ನಾನು ಆರಿಸಿಕೊಂಡ ವಿಷಯ ಕ್ರೂಸರ್ ಮೋಟಾರ್ ಸೈಕಲ್ಲಿನ ಮುಂದಿನ ಬ್ರೇಕ್ ಎಂದು ತಿಳಿಸಿದಾಗ ಸಮಿತಿಯ ಹಿರಿಯರೊಬ್ಬರು ದೂರವಾಣಿಯಲ್ಲಿ ಒಂದು ಕ್ಷಣ ಸುಮ್ಮನಾದರು. ಬಳಿಕ, “ಡಾಕ್ಟ್ರೆ, ಇದು ನಮ್ಮ ಜನಕ್ಕೆ ಬೇಕೆ?” ಎಂದು ವಿನಯದಿಂದಲೇ ಕೇಳಿದರು. ಬೇಕು ಎಂಬುದೇ ನನ್ನ ನಮ್ರ ಅಭಿಪ್ರಾಯ.

ಕ್ಯಾಲಬಾಸಸ್‌ನ ವೆಂಕಟೇಶ್ವರ ದೇವಾಲಯಕ್ಕೆ ಭಾನುವಾರ ಹೋಗುವವರು ಗಮನಿಸಿರಬಹುದು. ದೇವಾಲಯದಿಂದ ಸ್ವಲ್ಪ ದಕ್ಷಿಣಕ್ಕೆ ಹೋದರೆ ಮಲ್‌ಹಾಲಂಡ್ ಹೆದ್ದಾರಿ ಅಡ್ಡ ಬರುತ್ತದೆ. ಅಲ್ಲಿ ಸಾಲುಸಾಲಾಗಿ ಮೋಟಾರ್ ಸೈಕಲ್ಲುಗಳು ಗುಡುಗುತ್ತ ರಾಕ್ ಸ್ಟೋರ್ ಎಂಬ ಉಪಾಹಾರ ಗೃಹದ ಕಡೆಗೆ ಸಾಗುತ್ತವೆ. ಇಪ್ಪತ್ತು ವರ್ಷಗಳ ಹಿಂದೆ ನಾವು ಅವರನ್ನು ಅನ್ಯಲೋಕದವರಂತೆ ನೋಡುತ್ತಿದ್ದೆವು. ಈಗ ಆ ಶಿರಸ್ತ್ರಾಣಗಳ ಒಳಗೆ ನಮ್ಮ ಮನೆಯ ಮಕ್ಕಳೂ ಇದ್ದಾರೆ. ಮಕ್ಕಳ ಓದು ಮುಗಿದ ಮೇಲೆ ಹಳೆಯ ಆಸೆಯನ್ನು ತೀರಿಸಿಕೊಳ್ಳಲು ಹೊರಟ ನನ್ನಂಥ ಐವತ್ತು ದಾಟಿದವರೂ ಇದ್ದಾರೆ. ಮೋಟಾರ್ ಸೈಕಲ್ ಓಡಿಸಬೇಕೆ ಬೇಡವೆ ಎಂಬುದು ಇಂದಿನ ಚರ್ಚೆಯಲ್ಲ. ಓಡಿಸುವವರು ಹೇಗೆ ನಿಲ್ಲಿಸಬೇಕು ಎಂಬುದಷ್ಟೇ ನನ್ನ ವಿಷಯ.

ಒಂದೇ ಗೆರೆ

ನಾನು ಕೊಂಡದ್ದು ಹಳೆಯ ಜಪಾನಿ ಕ್ರೂಸರ್. ಉದ್ದವಾದ ದೇಹ, ತಗ್ಗಾದ ಆಸನ, ಸವಾರನ ಕಡೆಗೆ ಬಾಗಿದ ಅಗಲವಾದ ಹ್ಯಾಂಡಲ್. ಒಂದು ಬೆಳಿಗ್ಗೆ ಸ್ಯಾನ್ ಡಿಯೇಗೊದ ಉತ್ತರ ಭಾಗದ ಅಗಲವಾದ ರಸ್ತೆಯೊಂದರಲ್ಲಿ ಸಾಗುತ್ತಿದ್ದೆ; ಹಿಂದೆ ನನ್ನ ಪತ್ನಿ ಕುಳಿತಿದ್ದರು. ದೀಪ ನಮಗೆ ಹಸಿರಾಗಿತ್ತು. ಎದುರಿನಿಂದ ಬಂದ ಕಾರೊಂದು ನಮ್ಮನ್ನು ಕಾಣದೆ ನಮ್ಮ ಮುಂದೆಯೇ ಎಡಕ್ಕೆ ತಿರುಗಿತು. ನಾನು ಇದ್ದ ಬಲವನ್ನೆಲ್ಲ ಬಲಗಾಲಿಗೆ ಹಾಕಿ ಹಿಂದಿನ ಬ್ರೇಕನ್ನು ತುಳಿದೆ. ಹಿಂದಿನ ಚಕ್ರ ಕಚ್ಚಿಕೊಂಡು ಕಿರುಚಿತು, ಗಾಡಿಯ ಬಾಲ ಪಕ್ಕಕ್ಕೆ ಜಾರಿತು, ವೇಗ ಮಾತ್ರ ಹೆಚ್ಚೇನೂ ಇಳಿಯಲಿಲ್ಲ. ಕಾರಿನವರು ಗಾಬರಿಯಿಂದ ವೇಗ ಹೆಚ್ಚಿಸಿ ದಾಟಿಹೋದ್ದರಿಂದ ನಾವು ಉಳಿದೆವು. ನನ್ನ ಬ್ರೇಕಿನಿಂದ ಅಲ್ಲ.

ಸಂಜೆ ಮಗ ಆ ಜಾಗವನ್ನು ನೋಡಿಬಂದ. ಅವನು ರಾಜ್ಯದ ಸವಾರಿ ತರಬೇತಿಯನ್ನು ಕ್ರಮವಾಗಿ ಮುಗಿಸಿದವನು. “ಅಪ್ಪಾ, ರಸ್ತೆಯಲ್ಲಿ ಒಂದೇ ಗೆರೆ ಇದೆ, ಹಿಂದಿನ ಟಯರಿಂದು. ನೀವು ಮುಂದಿನ ಬ್ರೇಕ್ ಹಿಡಿದೇ ಇಲ್ಲ,” ಎಂದ. ನನಗೆ ನಾಚಿಕೆಯಾಯಿತು. ಏಕೆಂದರೆ ಅವನು ಹೇಳಿದ್ದು ನಿಜ; ಬಲಗೈಯ ಬೆರಳುಗಳು ಲಿವರಿನ ಮೇಲೆ ಹೋಗಿರಲೇ ಇಲ್ಲ.

ಲಾಸ್ ಏಂಜಲೀಸಿನ ಅಧ್ಯಯನ

ಇದು ನನ್ನೊಬ್ಬನ ತಪ್ಪಲ್ಲ ಎಂಬುದು ಬಳಿಕ ಓದಿದಾಗ ತಿಳಿಯಿತು. ದ್ವಿಚಕ್ರ ವಾಹನಗಳ ಅಪಘಾತವನ್ನು ಕುರಿತ ಬಹು ಪ್ರಸಿದ್ಧ ಅಧ್ಯಯನ ನಡೆದದ್ದು ನಮ್ಮ ಲಾಸ್ ಏಂಜಲೀಸಿನಲ್ಲೇ. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡದವರು 900ಕ್ಕೂ ಹೆಚ್ಚು ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರೀಕ್ಷಿಸಿದರು. ಅದೇ ಪ್ರದೇಶದ 3,600 ಪೊಲೀಸ್ ವರದಿಗಳನ್ನು ಕಲೆಹಾಕಿದರು. 1981ರಲ್ಲಿ ಪ್ರಕಟವಾದ ಆ ವರದಿಯನ್ನು ಜನ ಇಂದಿಗೂ ಹರ್ಟ್ ವರದಿ ಎಂದೇ ಕರೆಯುತ್ತಾರೆ.

ಅದರ ಕೆಲವು ನಿಷ್ಕರ್ಷೆಗಳನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಇನ್ನೊಂದು ವಾಹನದೊಂದಿಗೆ ನಡೆದ ಅಪಘಾತಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಆ ಇನ್ನೊಂದು ವಾಹನದವರು ಮೋಟಾರ್ ಸೈಕಲ್ಲಿನ ಹಾದಿಯ ಹಕ್ಕನ್ನು ಉಲ್ಲಂಘಿಸಿದ್ದರಿಂದ ಆದವು. ಎದುರಿನ ಕಾರು ಎಡಕ್ಕೆ ತಿರುಗುವುದೇ ಅದರ ಮಾದರಿ ದೃಶ್ಯ. ಅಪಾಯ ಕಂಡಂದಿನಿಂದ ಡಿಕ್ಕಿಯವರೆಗೆ ಸವಾರನಿಗೆ ಸಿಗುವ ಕಾಲ ಸಾಮಾನ್ಯವಾಗಿ ಎರಡು ಸೆಕೆಂಡಿಗಿಂತ ಕಡಿಮೆ. ಆ ಎರಡು ಸೆಕೆಂಡಿನಲ್ಲಿ ಹೆಚ್ಚಿನವರು ಮಾಡಿದ ತಪ್ಪು ಒಂದೇ: ಹಿಂದಿನ ಚಕ್ರವನ್ನು ಅತಿಯಾಗಿ ಕಚ್ಚಿ ಜಾರಿಸಿದರು, ಮುಂದಿನ ಬ್ರೇಕನ್ನು ತೀರ ಕಡಿಮೆ ಬಳಸಿದರು. ಇನ್ನೊಂದು ಅಂಶ ನಮ್ಮಂಥವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಅಪಘಾತಕ್ಕೀಡಾದ ಸವಾರರಲ್ಲಿ ಶೇಕಡಾ 92ರಷ್ಟು ಮಂದಿ ತಾವೇ ಕಲಿತವರು ಅಥವಾ ಮನೆಯವರಿಂದ, ಗೆಳೆಯರಿಂದ ಕಲಿತವರು.

ನನ್ನ ಕಥೆ ನಡೆಯುವುದಕ್ಕೆ ದಶಕಗಳ ಮೊದಲೇ ನನ್ನ ಕಥೆಯನ್ನು ಬರೆದಿಟ್ಟಿದ್ದರು ಎನ್ನಿ.

ಸೈಕಲ್ಲಿನಿಂದ ಬಂದ ಪಾಠ

ಹಾಗಾದರೆ ಈ ಭಯ ಎಲ್ಲಿಂದ ಬಂತು? ನಾನು ಬೆಳೆದದ್ದು ಮೈಸೂರಿನಲ್ಲಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬರುತ್ತಿದ್ದ ಜಾವಾ ಮತ್ತು ಯೆಜ್ಡಿಗಳ ಸದ್ದು ಆ ಊರಿನ ಸುಪ್ರಭಾತದ ಒಂದು ಭಾಗವಾಗಿತ್ತು. 1961ರಲ್ಲಿ ತಯಾರಿಕೆ ಆರಂಭಿಸಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ವೈದ್ಯ ವಿದ್ಯಾರ್ಥಿಯಾಗಿದ್ದಾಗ ನಾನು ಓಡಿಸಿದ್ದೂ ಎರಡನೆಯ ಕೈಯ ಯೆಜ್ಡಿಯನ್ನೇ. ಅದರ ಎರಡೂ ಚಕ್ರಗಳಲ್ಲಿ ಡ್ರಮ್ ಬ್ರೇಕು. ಮುಂದಿನ ಲಿವರ್ ಹಿಡಿದರೂ ಹೆಚ್ಚೇನೂ ಆಗುತ್ತಿರಲಿಲ್ಲವಾದ್ದರಿಂದ ಎಲ್ಲರೂ ಕಾಲಿನ ಬ್ರೇಕನ್ನೇ ನಂಬಿದ್ದೆವು. ಮಣ್ಣು, ಸಗಣಿ, ಜಲ್ಲಿ ಹರಡಿದ ರಸ್ತೆಗಳಲ್ಲಿ ಮುಂದಿನ ಚಕ್ರ ಜಾರಿದರೆ ಬೀಳುವುದು ಖಂಡಿತ ಎಂಬ ಅನುಭವವೂ ಅದಕ್ಕೆ ಸೇರಿತ್ತು.

ಎಲ್ಲಕ್ಕಿಂತ ಮಿಗಿಲಾಗಿ ತಂದೆಯವರ ಮಾತೊಂದು ತಲೆಯಲ್ಲಿ ಕುಳಿತಿತ್ತು: “ಮುಂದಿನ ಬ್ರೇಕ್ ಮುಟ್ಟಬೇಡ ಕಣೋ, ಪಲ್ಟಿ ಹೊಡೀತೀಯ.” ಈ ಘಟನೆಯ ಬಳಿಕ ಮೈಸೂರಿಗೆ ದೂರವಾಣಿ ಮಾಡಿದಾಗ ಅದನ್ನು ಅವರಿಗೆ ನೆನಪಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ನಾನು ಅದನ್ನ ಹೇಳಿದ್ದು ಸೈಕಲ್ಲಿಗೆ ಕಣೋ! ನಿನಗಾಗ ಹತ್ತು ವರ್ಷ,” ಎಂದರು.

ಅವರ ಮಾತು ಅಕ್ಷರಶಃ ಸರಿ. ಸೈಕಲ್ಲಿನ ಮೇಲೆ ಕುಳಿತ ಮನುಷ್ಯನ ಗುರುತ್ವ ಕೇಂದ್ರ ಬಹಳ ಎತ್ತರದಲ್ಲಿರುತ್ತದೆ. ಮುಂದಿನ ಚಕ್ರ ಬಹಳ ಹತ್ತಿರದಲ್ಲಿರುತ್ತದೆ. ಗುರುತ್ವಾಕರ್ಷಣೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಪ್ರಮಾಣದಲ್ಲಿ ವೇಗವನ್ನು ಇಳಿಸಿದರೂ ಸವಾರ ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಹಾರುತ್ತಾನೆ. ಒಣಗಿದ ಡಾಂಬರು ರಸ್ತೆಯ ಹಿಡಿತ ಅದಕ್ಕಿಂತ ಹೆಚ್ಚು. ಆದ್ದರಿಂದ ಚಕ್ರ ಜಾರುವ ಮೊದಲೇ ಪಲ್ಟಿ.

ಕ್ರೂಸರಿನ ಲೆಕ್ಕವೇ ಬೇರೆ. ಅದರ ಎರಡು ಚಕ್ರಗಳ ನಡುವಿನ ಅಂತರ ಸುಮಾರು 65 ಅಂಗುಲ. ಸವಾರನೂ ಸೇರಿ ಗುರುತ್ವ ಕೇಂದ್ರದ ಎತ್ತರ 22 ಅಂಗುಲದ ಆಸುಪಾಸಿನಲ್ಲಿದೆ, ತೂಕದ ಹೆಚ್ಚು ಪಾಲು ಹಿಂದೆ ಇದೆ ಎಂದು ಇಟ್ಟುಕೊಳ್ಳಿ. ಅಂಥ ಗಾಡಿ ಮುಂದಕ್ಕೆ ಮಗುಚಬೇಕಾದರೆ ಗುರುತ್ವಾಕರ್ಷಣೆಯ ಒಂದೂವರೆ ಪಟ್ಟಿಗಿಂತ ಹೆಚ್ಚಿನ ಪ್ರಮಾಣದಲ್ಲಿ ವೇಗ ಇಳಿಯಬೇಕು. ಸಾಮಾನ್ಯ ಟಯರು ರಸ್ತೆಯನ್ನು ಅಷ್ಟು ಬಲವಾಗಿ ಹಿಡಿಯಲಾರದು. ಅಂದರೆ ಸಮತಟ್ಟಾದ ರಸ್ತೆಯಲ್ಲಿ ನೇರವಾಗಿ ಸಾಗುತ್ತಿರುವ ಕ್ರೂಸರನ್ನು ಮುಂದಿನ ಬ್ರೇಕಿನಿಂದ ಪಲ್ಟಿ ಹೊಡೆಸುವುದು ಬಹುಮಟ್ಟಿಗೆ ಅಸಾಧ್ಯ. ಸೈಕಲ್ಲಿನ ಮೇಲೆ ಜೀವ ಉಳಿಸುವ ಮಾತು ಕ್ರೂಸರಿನ ಮೇಲೆ ಜೀವಕ್ಕೇ ಎರವಾಗಬಲ್ಲದು.

ತೂಕ ಮುಂದಕ್ಕೆ ಸರಿಯುವ ಬಗೆ

ಬಸ್ಸಿನಲ್ಲಿ ನಿಂತಿರುವಾಗ ಚಾಲಕ ಬ್ರೇಕ್ ಹಾಕಿದರೆ ನಾವೆಲ್ಲ ಮುಂದಕ್ಕೆ ವಾಲುತ್ತೇವಲ್ಲವೆ? ಗಾಡಿಯ ತೂಕವೂ ಹಾಗೆಯೇ ಮುಂದಿನ ಚಕ್ರದ ಮೇಲೆ ಒರಗುತ್ತದೆ. ಮೇಲೆ ಹೇಳಿದ ಅಳತೆಯ ಕ್ರೂಸರ್ ನಿಂತಿರುವಾಗ ಮುಂದಿನ ಚಕ್ರದ ಮೇಲೆ ಶೇಕಡಾ 45ರಷ್ಟು ತೂಕವಿದ್ದರೆ, ಬಿರುಸಾಗಿ ನಿಲ್ಲಿಸುವಾಗ ಅದು ಶೇಕಡಾ 70ನ್ನು ದಾಟುತ್ತದೆ. ಟಯರಿನ ಹಿಡಿತ ಅದರ ಮೇಲಿರುವ ತೂಕವನ್ನು ಅವಲಂಬಿಸಿದೆ. ಹಗುರವಾದ ಹಿಂದಿನ ಚಕ್ರವನ್ನು ಎಷ್ಟೇ ತುಳಿದರೂ ಅದು ಜಾರುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಕ್ರೀಡಾ ಮಾದರಿಯ ಮೋಟಾರ್ ಸೈಕಲ್ಲುಗಳಿಗೆ ಹೋಲಿಸಿದರೆ ಕ್ರೂಸರಿನಲ್ಲಿ ಹಿಂದಿನ ಬ್ರೇಕಿಗೆ ಹೆಚ್ಚು ಕೆಲಸವುಂಟು, ಅದನ್ನು ಬಿಡಬೇಕಾಗಿಲ್ಲ. ಆದರೆ ಯಜಮಾನಿಕೆ ಮುಂದಿನದೇ.

ಒಂದು ಲೆಕ್ಕ ನೋಡೋಣ. ಹಿಂದಿನ ಬ್ರೇಕೊಂದರಿಂದಲೇ ಸಿಗುವ ನಿಲುಗಡೆಯ ಬಲ ಗುರುತ್ವಾಕರ್ಷಣೆಯ 0.4ರಷ್ಟು ಎಂದು ಉದಾರವಾಗಿಯೇ ಭಾವಿಸೋಣ. ಎರಡನ್ನೂ ಸರಿಯಾಗಿ ಬಳಸಿದರೆ 0.8 ಎನ್ನೋಣ. ಗಂಟೆಗೆ 60 ಮೈಲಿ ವೇಗದಿಂದ ನಿಲ್ಲಲು ಮೊದಲನೆಯದಕ್ಕೆ 300 ಅಡಿ ಬೇಕು, ಎರಡನೆಯದಕ್ಕೆ 150 ಅಡಿ. ಇದು ಬ್ರೇಕ್ ಹಿಡಿದ ಬಳಿಕದ ದೂರ; ಯೋಚಿಸುವ ಹೊತ್ತಿನಲ್ಲಿ ಸಾಗುವ ದೂರ ಇದಕ್ಕೆ ಹೊರತು. ಈಗ ವೈದ್ಯನ ಕಣ್ಣಿನಿಂದ ನೋಡಿ. ಎರಡೂ ಬ್ರೇಕ್ ಹಿಡಿದವನು ಪೂರ್ಣವಾಗಿ ನಿಂತ ಆ 150ನೆಯ ಅಡಿಯಲ್ಲಿ, ಹಿಂದಿನದನ್ನು ಮಾತ್ರ ತುಳಿದವನು ಇನ್ನೂ ಗಂಟೆಗೆ 42 ಮೈಲಿ ವೇಗದಲ್ಲಿರುತ್ತಾನೆ. ಒಬ್ಬನು ಬೆವರೊರಸಿಕೊಂಡು ಮನೆಗೆ ಹೋಗುತ್ತಾನೆ. ಇನ್ನೊಬ್ಬನನ್ನು ತುರ್ತು ಚಿಕಿತ್ಸಾ ವಿಭಾಗಕ್ಕೆ ತರುತ್ತಾರೆ. ಬಾಗಿಲ ಹೊರಗೆ ಅವನ ತಾಯಿತಂದೆಯರೊಂದಿಗೆ ಮಾತನಾಡುವ ಕೆಲಸ ನಮ್ಮಂಥವರ ಪಾಲಿಗೆ ಬರುತ್ತದೆ.

ಸಿರಿಂಜಿನ ಸೂತ್ರ

ಇನ್ನು ಯಂತ್ರದ ವಿಷಯ. ಬೆರಳುಗಳ ಬಲವನ್ನು ದ್ರವದ ಮೂಲಕ ಚಕ್ರಕ್ಕೆ ಮುಟ್ಟಿಸುವ ಹೈಡ್ರಾಲಿಕ್ ಬ್ರೇಕಿಗೆ ನಮ್ಮ ಕ್ಯಾಲಿಫೋರ್ನಿಯದೊಂದಿಗೆ ಹತ್ತಿರದ ನಂಟಿದೆ. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಮಾಲ್ಕಮ್ ಲಾಕ್‌ಹೀಡ್, ಮುಂದೆ ಬರ್‌ಬ್ಯಾಂಕಿನಲ್ಲಿ ನೆಲೆಯೂರಿದ ವಿಮಾನ ಸಂಸ್ಥೆಗೆ ಹೆಸರು ಕೊಟ್ಟ ಸೋದರರಲ್ಲಿ ಒಬ್ಬರು. 1921ರ ಡ್ಯೂಸನ್‌ಬರ್ಗ್ ಕಾರಿನ ನಾಲ್ಕು ಚಕ್ರಗಳಿಗೂ ಅಂಥ ಬ್ರೇಕು ಬಂತು. ದೊಡ್ಡ ಪ್ರಮಾಣದಲ್ಲಿ ತಯಾರಾದ ಮೋಟಾರ್ ಸೈಕಲ್ಲಿಗೆ ಹೈಡ್ರಾಲಿಕ್ ಡಿಸ್ಕ್ ಬ್ರೇಕನ್ನು ತಂದದ್ದು 1969ರ ಹೋಂಡಾ ಸಿಬಿ 750. ಆ ಸಂಸ್ಥೆಯ ಅಮೆರಿಕದ ಶಾಖೆ 1959ರಲ್ಲಿ ಬಾಗಿಲು ತೆರೆದದ್ದು ಲಾಸ್ ಏಂಜಲೀಸಿನ ಪೀಕೊ ಬುಲೆವಾರ್ಡಿನಲ್ಲಿ.

ಇದರ ತತ್ತ್ವ ನಮಗೆ ವೈದ್ಯರಿಗೆ ಪ್ರತಿದಿನದ ಅನುಭವ. ಒಂದು ಮಿಲಿಲೀಟರಿನ ಸಣ್ಣ ಸಿರಿಂಜನ್ನೂ ಇಪ್ಪತ್ತು ಮಿಲಿಲೀಟರಿನ ದೊಡ್ಡ ಸಿರಿಂಜನ್ನೂ ಒಂದೇ ಬಲದಿಂದ ಒತ್ತಿದರೆ ಸಣ್ಣದರಲ್ಲಿ ಒತ್ತಡ ಬಹಳ ಹೆಚ್ಚು. ಆದ್ದರಿಂದಲೇ ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆಯನ್ನು ತೊಳೆಯುವಾಗ ಹತ್ತು ಮಿಲಿಲೀಟರಿಗಿಂತ ಚಿಕ್ಕ ಸಿರಿಂಜನ್ನು ಬಳಸಬೇಡಿ ಎಂದು ಕಿರಿಯರಿಗೆ ಹೇಳುತ್ತೇವೆ, ನಳಿಕೆ ಒಡೆದೀತು. ಬ್ರೇಕಿನಲ್ಲಿ ಹ್ಯಾಂಡಲಿನ ಮೇಲಿರುವ ಮಾಸ್ಟರ್ ಸಿಲಿಂಡರೇ ಆ ಸಣ್ಣ ಸಿರಿಂಜು. ಚಕ್ರದ ಬಳಿ ಡಿಸ್ಕನ್ನು ಎರಡು ಕಡೆಯಿಂದ ಅಪ್ಪುವ ಕ್ಯಾಲಿಪರ್ ಎಂಬುದು ದೊಡ್ಡ ಸಿರಿಂಜು. ಇಲ್ಲಿ ಸಣ್ಣ ಬಲ, ಅಲ್ಲಿ ದೊಡ್ಡ ಬಲ.

ಇದನ್ನು ತಿಳಿಯದವರು ಒಂದು ತಪ್ಪು ಮಾಡುತ್ತಾರೆ. “ದೊಡ್ಡದು ಹಾಕಿದರೆ ಒಳ್ಳೆಯದು” ಎಂದು ಮಾಸ್ಟರ್ ಸಿಲಿಂಡರನ್ನು ದೊಡ್ಡದಾಗಿಸುತ್ತಾರೆ. ಲಿವರ್ ಗಟ್ಟಿಯಾಗಿ, ಕಲ್ಲಿನಂತೆ, ಕೈಗೆ ಹಿತವಾಗಿ ತೋರುತ್ತದೆ. ಆದರೆ ಅದೇ ಬೆರಳ ಬಲಕ್ಕೆ ಒತ್ತಡ ಕಡಿಮೆಯಾಗಿರುತ್ತದೆ. ಕ್ಯಾಲಿಪರನ್ನು ಮಾತ್ರ ಬಹಳ ದೊಡ್ಡದಾಗಿಸಿದರೆ ಬಲ ಹೆಚ್ಚುತ್ತದೆ, ಆದರೆ ಲಿವರ್ ಹ್ಯಾಂಡಲಿಗೆ ತಾಗುವವರೆಗೂ ಬರಬಹುದು. ಎರಡೂ ಒಂದಕ್ಕೊಂದು ಹೊಂದಿಕೊಂಡಿರಬೇಕು. ಜಾತಕ ನೋಡದೆ ಜೋಡಿ ಮಾಡಬಾರದು.

ಇನ್ನೊಂದು ಹೋಲಿಕೆ. ಹೃದಯದಿಂದ ಹೊರಡುವ ಮಹಾಪಧಮನಿ ಪ್ರತಿ ಬಡಿತಕ್ಕೂ ಸ್ವಲ್ಪ ಹಿಗ್ಗುತ್ತದೆ. ಆ ಹಿಗ್ಗುವಿಕೆ ಆರೋಗ್ಯದ ಲಕ್ಷಣ. ಬ್ರೇಕಿನ ರಬ್ಬರ್ ಹೋಸ್ ಹಿಗ್ಗಿದರೆ ಅದು ರೋಗ. ಬೆರಳಿನ ಶ್ರಮದ ಒಂದು ಪಾಲು ಹೋಸನ್ನು ಉಬ್ಬಿಸುವುದರಲ್ಲೇ ವ್ಯಯವಾಗಿ ಲಿವರ್ ಸ್ಪಂಜಿನಂತಾಗುತ್ತದೆ. ಹಳೆಯ ಗಾಡಿಯ ಮೂಲ ಹೋಸುಗಳಿಗೆ ಬಂದಿರುವುದು ಇದೇ ಮುಪ್ಪು.

ಯಾವುದನ್ನು ಮೊದಲು ಬದಲಿಸಬೇಕು

ಯಮಾಹಾ ವಿ ಸ್ಟಾರ್ 650, ಹೋಂಡಾ ಶ್ಯಾಡೊ ವಿಎಲ್‌ಎಕ್ಸ್ ಮುಂತಾದ ಜನಪ್ರಿಯ ಹಳೆಯ ಕ್ರೂಸರುಗಳಲ್ಲಿ ಮುಂದೆ ಒಂದು ಡಿಸ್ಕು, ಹಿಂದೆ ಡ್ರಮ್. ನನ್ನದೂ ಅದೇ ವರ್ಗಕ್ಕೆ ಸೇರಿದ್ದು. ಗಾಡಿ, ಸವಾರ ಸೇರಿ 700 ಪೌಂಡ್ ಎಂದುಕೊಂಡರೆ, 60 ಮೈಲಿ ವೇಗದಿಂದ ಒಮ್ಮೆ ನಿಲ್ಲಿಸುವಾಗ ಹುಟ್ಟುವ ಶಾಖ ಕಾಫಿಗೆ ಎರಡು ಲೋಟ ನೀರನ್ನು ಕುದಿಸಲು ಸಾಕು. ಆ ಶಾಖವನ್ನೆಲ್ಲ ಮೂರುನಾಲ್ಕು ಸೆಕೆಂಡಿನಲ್ಲಿ, ಹೆಚ್ಚಾಗಿ ಆ ಒಂದು ಡಿಸ್ಕೇ ಹೀರಬೇಕು. ನಾನೂ ಮಗನೂ ಮನೆಯ ಗ್ಯಾರೇಜಿನಲ್ಲಿ ಅನುಸರಿಸಿದ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಚಿಕಿತ್ಸೆಗೆ ಮೊದಲು ಪರೀಕ್ಷೆ ಎಂಬ ನಿಯಮ ಇಲ್ಲಿಗೂ ಸಲ್ಲುತ್ತದೆ.

ಮೊದಲನೆಯದು ಟಯರು. ಬ್ರೇಕ್ ಚಕ್ರವನ್ನು ನಿಲ್ಲಿಸುತ್ತದೆ. ಗಾಡಿಯನ್ನು ನಿಲ್ಲಿಸುವುದು ಟಯರು. ಅದರ ಪಕ್ಕದಲ್ಲಿ ಡಾಟ್ ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ಓದಿ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ನಮ್ಮ ಗಾಡಿಯ ಮುಂದಿನ ಟಯರಿನ ಅಚ್ಚು ನೋಡಲು ಚೆನ್ನಾಗಿಯೇ ಇತ್ತು; ರಬ್ಬರು ಮಾತ್ರ ಹಳೆಯ ಚಪ್ಪಲಿಯಂತೆ ಗಟ್ಟಿಯಾಗಿತ್ತು. ಎಲ್ಲಕ್ಕಿಂತ ಮೊದಲು ಅದನ್ನು ಬದಲಿಸಿದೆವು.

ಎರಡನೆಯದು ಬ್ರೇಕ್ ಆಯಿಲ್. ಸಾಮಾನ್ಯವಾಗಿ ಬಳಸುವ ಡಾಟ್ 4 ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಪಾಲೋಮಾರ್ ಬೆಟ್ಟದಿಂದಲೊ ಏಂಜಲೀಸ್ ಕ್ರೆಸ್ಟ್ ಹೆದ್ದಾರಿಯಿಂದಲೊ ಇಳಿಯುತ್ತ ಬ್ರೇಕನ್ನು ಎಳೆದುಕೊಂಡೇ ಬಂದರೆ ದ್ರವ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಲಿವರ್ ಬಳಬಳನೆ ಒಳಗೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಆಗುಂಬೆ ಘಾಟಿಯನ್ನು ಇಳಿಯುವ ಚಾಲಕರು ಗೇರ್ ಇಳಿಸಿಕೊಂಡೇ ಇಳಿಯುವ ರಹಸ್ಯ ಇದೇ. ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಿಸಬೇಕು. ಡಾಟ್ 5 ಎಂಬುದು ಸಿಲಿಕೋನ್ ದ್ರವ. ಅದನ್ನು ಡಾಟ್ 4ರೊಂದಿಗೆ ಎಂದಿಗೂ ಬೆರೆಸಬಾರದು. ನಿಮ್ಮ ಗಾಡಿಗೆ ಯಾವುದು ಬೇಕೆಂಬುದು ಮಾಸ್ಟರ್ ಸಿಲಿಂಡರಿನ ಮುಚ್ಚಳದ ಮೇಲೆಯೇ ಬರೆದಿರುತ್ತದೆ.

ಮೂರನೆಯದು ಪ್ಯಾಡು ಮತ್ತು ಕ್ಯಾಲಿಪರಿನ ಶುಚಿ. ಕ್ಯಾಲಿಪರ್ ಸರಿದಾಡುವ ಪಿನ್ನುಗಳು ತುಕ್ಕು, ಕೊಳೆಯಿಂದ ಕಚ್ಚಿಕೊಂಡಿದ್ದರೆ ಒಂದು ಪ್ಯಾಡು ಸವೆದು ಇನ್ನೊಂದು ಹೊಸದಾಗಿಯೇ ಉಳಿದಿರುತ್ತದೆ. ನಮ್ಮ ಗಾಡಿಯಲ್ಲಿ ಆಗಿದ್ದೂ ಅದೇ. ಶುಚಿಗೊಳಿಸಿ, ತಕ್ಕ ಗ್ರೀಸ್ ಸವರಿ, ಹೊಸ ಪ್ಯಾಡುಗಳನ್ನು ಕೂರಿಸಿದೆವು. ಪ್ಯಾಡಿನ ಬೆನ್ನಿನ ಮೇಲೆ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಮೊದಲನೆಯದು ತಣ್ಣಗಿರುವಾಗಿನ ಘರ್ಷಣೆಯನ್ನೂ ಎರಡನೆಯದು ಕಾದಾಗಿನ ಘರ್ಷಣೆಯನ್ನೂ ಸೂಚಿಸುತ್ತದೆ. ಲೋಹದ ಪುಡಿಯನ್ನು ಬೆಸೆದು ಮಾಡಿದ, ‘ಎಚ್ ಎಚ್’ ದರ್ಜೆಯ ಪ್ಯಾಡುಗಳ ಘರ್ಷಣಾಂಕ 0.55ಕ್ಕೂ ಮಿಗಿಲು. ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವ ಬದಲಾವಣೆ ಇದು. ಆದರೆ ನಿಮ್ಮ ಡಿಸ್ಕಿಗೆ ಅಂಥ ಪ್ಯಾಡು ಸಲ್ಲುವುದೇ ಎಂದು ತಯಾರಕರ ಪಟ್ಟಿಯಲ್ಲಿ ನೋಡಿಕೊಳ್ಳಿ. ಡಿಸ್ಕಿನ ಮೇಲೆ ಅದರ ಕನಿಷ್ಠ ದಪ್ಪವನ್ನು ಅಚ್ಚೊತ್ತಿರುತ್ತಾರೆ; ಅದಕ್ಕಿಂತ ತೆಳುವಾಗಿದ್ದರೆ ಡಿಸ್ಕನ್ನೂ ಬದಲಿಸಬೇಕು.

ನಾಲ್ಕನೆಯದು ಹೋಸು. ಒಳಗೆ ಟೆಫ್ಲಾನ್, ಹೊರಗೆ ಉಕ್ಕಿನ ತಂತಿಯ ಹೆಣಿಗೆ ಇರುವ ಹೋಸು ಹೆಚ್ಚು ಹಿಗ್ಗುವುದಿಲ್ಲ. ಇಲ್ಲಿನ ರಸ್ತೆ ಬಳಕೆಗೆ ಒಪ್ಪಿತವಾದದ್ದೆಂಬ ಗುರುತು ಇರುವುದನ್ನೇ ಕೊಳ್ಳಬೇಕು. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಮುಂದಿನ ಫೋರ್ಕ್ ಕುಸಿದಾಗಲೂ ಎದ್ದಾಗಲೂ ಹೋಸು ಎಳೆಯದಂತೆ, ಎಲ್ಲಿಯೂ ಉಜ್ಜದಂತೆ ಇದೆಯೇ ಎಂದು ನೋಡಬೇಕು.

ಬಹುಪಾಲು ಸವಾರರಿಗೆ ಇಷ್ಟೇ ಸಾಕು. ನಮಗೂ ಸಾಕಾಯಿತು. ಇದಕ್ಕೂ ಮುಂದೆ ಹೋಗಿ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ ಹಾಕುವವರು, ಅದೇ ಕಂಪನಿಯ ದೊಡ್ಡ ಮಾದರಿಯಿಂದ ಇಡೀ ಮುಂಭಾಗವನ್ನೇ ತಂದು ಒಂದು ಡಿಸ್ಕಿನ ಗಾಡಿಯನ್ನು ಎರಡು ಡಿಸ್ಕಿನದಾಗಿ ಮಾಡುವವರು ಇದ್ದಾರೆ. ಅದು ನನ್ನಂಥವರ ಕೈಗಾರಿಕೆಯಲ್ಲ. ಚಕ್ರ, ಫೋರ್ಕ್, ಮಾಸ್ಟರ್ ಸಿಲಿಂಡರ್ ಎಲ್ಲವೂ ಹೊಂದಬೇಕಾದ ಆ ಕೆಲಸವನ್ನು ಬಲ್ಲ ಮೆಕ್ಯಾನಿಕ್ಕರಿಗೇ ಒಪ್ಪಿಸಬೇಕು.

ಕೆಲಸ ಮಾಡುವಾಗ ಮೂರು ಎಚ್ಚರಿಕೆಗಳು. ಡಾಟ್ 4 ದ್ರವ ಗಾಡಿಯ ಬಣ್ಣವನ್ನು ತಿನ್ನುತ್ತದೆ. ಚೆಲ್ಲಿದರೆ ತಕ್ಷಣ ನೀರಿನಿಂದ ತೊಳೆಯಬೇಕು. ಪ್ಯಾಡಿಗೆ, ಡಿಸ್ಕಿಗೆ ಎಣ್ಣೆಯ ಬೆರಳು ತಾಗಬಾರದು. ಮೂರನೆಯದನ್ನು ನಾನು ಕಷ್ಟಪಟ್ಟು ಕಲಿತೆ. ಹೊಸ ಪ್ಯಾಡು ಕೂರಿಸಲು ಪಿಸ್ಟನ್ನುಗಳನ್ನು ಹಿಂದಕ್ಕೆ ತಳ್ಳಿರುತ್ತೇವಲ್ಲ, ಆಮೇಲೆ ಲಿವರನ್ನು ಹಲವು ಬಾರಿ ಅಮುಕಿ ಅದು ಗಟ್ಟಿಯಾಗುವವರೆಗೆ ಗಾಡಿಯನ್ನು ಕದಲಿಸಬಾರದು. ನಾನು ಉತ್ಸಾಹದಿಂದ ಇಳಿಜಾರಿನಲ್ಲಿ ಗಾಡಿಯನ್ನು ಬಿಟ್ಟು ಲಿವರ್ ಹಿಡಿದೆ. ಲಿವರ್ ಸಲೀಸಾಗಿ ಹ್ಯಾಂಡಲಿಗೆ ಬಂದು ತಾಗಿತು. ಪಕ್ಕದ ಮನೆಯವರ ಕಸದ ಡಬ್ಬಿ ನನ್ನನ್ನು ನಿಲ್ಲಿಸಿತು. ಮಗ ನಗಲಿಲ್ಲ, ಅದೇ ಹೆಚ್ಚು ನೋವಿನ ಸಂಗತಿ.

ಹೊಸ ಪ್ಯಾಡುಗಳು ಮೊದಲ ದಿನವೇ ಪೂರ್ಣ ಹಿಡಿತ ಕೊಡುವುದಿಲ್ಲ. ವಾಹನಗಳಿಲ್ಲದ ಕಡೆ ಮಧ್ಯಮ ವೇಗದಿಂದ ಹಲವು ಬಾರಿ ಹದವಾಗಿ ನಿಧಾನಿಸಿ, ನಡುವೆ ತಣಿಯಲು ಬಿಟ್ಟು, ಪ್ಯಾಡೂ ಡಿಸ್ಕೂ ಒಂದಕ್ಕೊಂದು ಒಗ್ಗಿಕೊಳ್ಳುವಂತೆ ಮಾಡಬೇಕು. ಬ್ರೇಕಿನ ಕೆಲಸದಲ್ಲಿ ಸ್ವಲ್ಪವೂ ಅನುಮಾನವಿದ್ದವರು ಅದನ್ನು ಮೆಕ್ಯಾನಿಕ್ಕರಿಗೆ ಕೊಡುವುದೇ ವಿವೇಕ.

ಕೈಯ ತರಬೇತಿ

ಬ್ರೇಕು ಚುರುಕಾಯಿತು, ಕೈ ಹಳೆಯದೇ. ಇಷ್ಟಕ್ಕೇ ನಿಲ್ಲಿಸಿದ್ದರೆ ಅಪಾಯ ಇನ್ನೂ ಹೆಚ್ಚುತ್ತಿತ್ತು. ಗಾಬರಿಯಲ್ಲಿ ಲಿವರನ್ನು ಒಮ್ಮೆಗೇ ಕಿತ್ತುಕೊಂಡಂತೆ ಹಿಡಿದರೆ, ತೂಕ ಮುಂದಕ್ಕೆ ಸರಿಯುವ ಮೊದಲೇ ಮುಂದಿನ ಚಕ್ರ ಕಚ್ಚಿ ಜಾರುತ್ತದೆ. ನಮ್ಮ ಹಿರಿಯರ ಭಯದಲ್ಲಿ ಉಳಿದಿರುವ ಸತ್ಯಾಂಶ ಇದು. ಆದ್ದರಿಂದ ಲಿವರನ್ನು ಮೊದಲು ಮೃದುವಾಗಿ ಹಿಡಿದು, ಫೋರ್ಕ್ ಕುಸಿದು ಟಯರು ನೆಲಕ್ಕೆ ಒತ್ತಿಕೊಂಡದ್ದು ಅನುಭವಕ್ಕೆ ಬಂದ ಬಳಿಕ ಬಲವನ್ನು ಏರಿಸಬೇಕು. ಹೇಳಲು ದೀರ್ಘವಾದರೂ ಅಭ್ಯಾಸವಾದ ಕೈಗೆ ಇದು ಅರೆ ಸೆಕೆಂಡಿನ ಕೆಲಸ. ಚುಚ್ಚುಮದ್ದು ಕೊಡುವ ಕೈಯಂತೆ ತ್ವರಿತವಾಗಿರಬೇಕು, ಒರಟಾಗಿರಬಾರದು. ಚಕ್ರ ಜಾರಿದೆ ಎನಿಸಿದರೆ ತಕ್ಷಣ ಬಿಟ್ಟು ಮತ್ತೆ ಹಿಡಿಯಬೇಕು. ತಿರುವಿನಲ್ಲಿ ಗಾಡಿ ವಾಲಿರುವಾಗ, ಜಲ್ಲಿಯ ಮೇಲೆ, ತಿಂಗಳುಗಟ್ಟಲೆ ಒಣಗಿದ ನಮ್ಮ ರಸ್ತೆಗಳ ಮೇಲೆ ಮೊದಲ ಮಳೆ ಬಿದ್ದು ಎಣ್ಣೆ ತೇಲುವಾಗ ಹೆಚ್ಚಿನ ಸಂಯಮ ಬೇಕು.

ಆರು ಭಾನುವಾರ ಬೆಳಿಗ್ಗೆ ಒಂದು ಖಾಲಿ ವಾಹನ ನಿಲ್ದಾಣದಲ್ಲಿ ಮಗ ಗುರು, ನಾನು ಶಿಷ್ಯ. ಗಂಟೆಗೆ 20 ಮೈಲಿಯಿಂದ ಆರಂಭಿಸಿ, ಸುಣ್ಣದ ಕಡ್ಡಿಯಿಂದ ಗೆರೆ ಎಳೆದು, ನಿಂತ ದೂರವನ್ನು ಅಳೆದೆವು. ವಾರದಿಂದ ವಾರಕ್ಕೆ ಗೆರೆಗಳು ಹತ್ತಿರ ಬಂದವು. ಹಳೆಯ ಭಯ ಕೈಯಿಂದ ಹೋಗಲು ಬುದ್ಧಿಗೆ ಹೇಳಿದರೆ ಸಾಲದು, ಕೈಗೇ ಹೇಳಬೇಕು.

ತಾಯಿತಂದೆಯರಿಗೆ ಎರಡು ಮಾತು

ನಿಮ್ಮ ಮಗನೊ ಮಗಳೊ ಮೋಟಾರ್ ಸೈಕಲ್ ಕೊಳ್ಳುವ ಹಂತದಲ್ಲಿದ್ದರೆ, ಚಕ್ರ ಕಚ್ಚಿಕೊಳ್ಳುವುದನ್ನು ತಡೆಯುವ ಎಬಿಎಸ್ ವ್ಯವಸ್ಥೆ ಇರುವ ಗಾಡಿಯನ್ನೇ ಕೊಳ್ಳಲು ಹೇಳಿ. ಮೋಟಾರ್ ಸೈಕಲ್ಲಿಗೆ ಅದನ್ನು ಮೊದಲು ತಂದದ್ದು 1988ರ ಬಿಎಂಡಬ್ಲ್ಯು ಕೆ 100. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಎಬಿಎಸ್ ಇರುವ ಮೋಟಾರ್ ಸೈಕಲ್ಲುಗಳಲ್ಲಿ ಪ್ರಾಣಾಂತಿಕ ಅಪಘಾತದ ಪ್ರಮಾಣ ಅದಿಲ್ಲದ ಅದೇ ಮಾದರಿಗಳಿಗಿಂತ ಶೇಕಡಾ 22ರಷ್ಟು ಕಡಿಮೆ. ಭಾರತದಲ್ಲಿ 125 ಸಿಸಿಗಿಂತ ದೊಡ್ಡ ಹೊಸ ದ್ವಿಚಕ್ರ ವಾಹನಗಳಿಗೆಲ್ಲ ಏಪ್ರಿಲ್ 2019ರಿಂದ ಅದು ಕಡ್ಡಾಯವಾಯಿತು. ಹಳೆಯ ಗಾಡಿಗೆ ಪ್ಯಾಡು, ಹೋಸು ಹಾಕಿದಂತೆ ಎಬಿಎಸ್ಸನ್ನು ಗ್ಯಾರೇಜಿನಲ್ಲಿ ಹಾಕಿಕೊಳ್ಳಲು ಬರುವುದಿಲ್ಲ.

ಎರಡನೆಯದು ತರಬೇತಿ ಮತ್ತು ಶಿರಸ್ತ್ರಾಣ. ಈ ರಾಜ್ಯದಲ್ಲಿ 21 ವರ್ಷಕ್ಕಿಂತ ಕಿರಿಯರಿಗೆ ಪರವಾನಗಿ ಬೇಕಾದರೆ ಸುರಕ್ಷತಾ ತರಬೇತಿ ಕಡ್ಡಾಯ, ಹಿರಿಯರಿಗೆ ಕಡ್ಡಾಯವಲ್ಲ. ಆದರೆ ಅದು ಬೇಕಾಗಿರುವುದು ನಮ್ಮಂಥ ಹಿರಿಯರಿಗೇ ಹೆಚ್ಚು. ಶಿರಸ್ತ್ರಾಣ ಎಲ್ಲ ಸವಾರರಿಗೂ ಕಡ್ಡಾಯವಾದದ್ದು ಜನವರಿ 1, 1992ರಂದು. 1991ರಲ್ಲಿ ಕ್ಯಾಲಿಫೋರ್ನಿಯದ ಮೋಟಾರ್ ಸೈಕಲ್ ಅಪಘಾತಗಳಲ್ಲಿ 523 ಮಂದಿ ಸತ್ತಿದ್ದರೆ 1992ರಲ್ಲಿ ಆ ಸಂಖ್ಯೆ 327ಕ್ಕೆ ಇಳಿಯಿತು. ಒಂದು ವರ್ಷದಲ್ಲಿ ಇಷ್ಟು ಪ್ರಾಣಗಳನ್ನು ಉಳಿಸಿದ ಔಷಧಿಯನ್ನು ನಾನು ನನ್ನ ವೃತ್ತಿಯಲ್ಲಿ ಹೆಚ್ಚು ಕಂಡಿಲ್ಲ.

ಪ್ರೀತಿಯಿಂದ ಹೇಳಿದ ಎಚ್ಚರಿಕೆಯ ಮಾತುಗಳನ್ನು ನಾವು ಊರಿನಿಂದ ಕಟ್ಟಿಕೊಂಡು ಬಂದಿದ್ದೇವೆ. ಅವುಗಳಲ್ಲಿ ಹೆಚ್ಚಿನವು ಇಂದಿಗೂ ಹಿತವಾದವೇ. ಆದರೆ ಮಕ್ಕಳಿಗೆ ಅವನ್ನು ದಾಟಿಸುವ ಮೊದಲು, ಈ ಮಾತು ಯಾವ ಗಾಡಿಗೆ, ಯಾವ ರಸ್ತೆಗೆ ಹೇಳಿದ್ದು ಎಂದು ಒಮ್ಮೆ ಕೇಳಿಕೊಳ್ಳೋಣ.

ಕಳೆದ ಶರತ್ಕಾಲದಲ್ಲಿ ಜೂಲಿಯನ್‌ನ ಸೇಬಿನ ತೋಟಗಳಿಗೆ ಹೊರಟಾಗ ಪತ್ನಿ ಗಾಡಿಯ ಪಕ್ಕದಲ್ಲಿ ನಿಂತು, “ಈಗ ನಿಲ್ಲತ್ತಾ ಇದು?” ಎಂದು ಕೇಳಿದರು. ಖಾಲಿ ನಿಲ್ದಾಣದಲ್ಲಿ ಎರಡು ಬಾರಿ ನಿಲ್ಲಿಸಿ ತೋರಿಸಿದೆ. ಮೂರನೆಯ ಬಾರಿಗೆ ಅವರು ಶಿರಸ್ತ್ರಾಣ ಧರಿಸಿ ಹಿಂದೆ ಕುಳಿತರು.

 ಗಾಡಿಯಲ್ಲಿ ಬಂದಿರುವವರು ಊಟದ ಬಳಿಕ ಹೊರಗಿನ ನಿಲ್ದಾಣದಲ್ಲಿ ಸೇರಿದರೆ ಟಯರಿನ ತಾರೀಖು, ಪ್ಯಾಡಿನ ದಪ್ಪ, ದ್ರವದ ಬಣ್ಣ ಈ ಮೂರನ್ನೂ ಒಟ್ಟಿಗೆ ನೋಡೋಣ. ದೀಪ ನಾನೇ ತಂದಿದ್ದೇನೆ.